ಮೇಣದ ಗೆರೆ

ಜೂನ್ 4

ಭಾವನಿಗೆ ನಮಸ್ಕಾರಗಳು.

ಏಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಗುರುತು ಹಿಡಿದಿರುತ್ತೀರಿ. ಒಡೆಯದೆ ಪಕ್ಕಕ್ಕಿಟ್ಟು ಒಂದು ಲೋಟ ನೀರು ಕುಡಿದಿರುತ್ತೀರಿ. ಕಷ್ಟದ ಕೆಲಸಕ್ಕೆ ಮುಂಚೆ ನೀರು ಕುಡಿಯುವುದು ನಿಮ್ಮ ಅಭ್ಯಾಸ. ಹೆದರಬೇಡಿ, ಜಗಳಕ್ಕೆ ಬರೆದದ್ದಲ್ಲ. ಒಂದು ಸಹಾಯ ಬೇಕಾಗಿದೆ.

ಇಲ್ಲಿ ನಾನು ಸಣ್ಣ ಓವನ್‌ಗಳಿಗೆ ಕಾಯಿಲು ಸುತ್ತುತ್ತೇನೆ. ತೆಳ್ಳಗಿನ ನಿಕ್ರೋಮ್ ತಂತಿ. ಯಂತ್ರ ಸುತ್ತುತ್ತದೆ, ನಾನು ಸುತ್ತು ಎಣಿಸುತ್ತೇನೆ, ಅಷ್ಟೆ. ಬಹಳ ಸಾಧು ತಂತಿ ಅದು. ಬಗ್ಗಿಸಿ, ಬಿಚ್ಚಿ, ಮತ್ತೆ ಬಗ್ಗಿಸಿ, ಕಾದು ಆರಿದ ಮೇಲೂ ಹೇಳಿದ ಮಾತು ಕೇಳುತ್ತದೆ. ತಪ್ಪು ಮಾಡಲು ಜಾಗವೇ ಇಲ್ಲ. ಅದಕ್ಕೇ ಈ ಕೆಲಸ ಹಿಡಿದೆ.

ಈಗ ನಮ್ಮ ಯಜಮಾನಿಗೆ ಹೊಸ ಹುಮ್ಮಸ್ಸು ಬಂದಿದೆ. ಪಿಂಗಾಣಿ ಸುಡುವ ದೊಡ್ಡ ಕುಲುಮೆ ಕಟ್ಟಬೇಕಂತೆ, ಸಾವಿರದ ಇನ್ನೂರು ಡಿಗ್ರಿಯದು. ಅಷ್ಟು ಬಿಸಿಯಲ್ಲಿ ನಿಕ್ರೋಮ್ ಕೈ ಕೊಡುತ್ತದೆ. ನಮ್ಮ ಹಳೆಯ ಕಂಬಿಯೇ ಬೇಕು, ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆತದ್ದು. “ನೀವು ಮೊದ್ಲು ಅದೇ ಕೆಲಸ ಮಾಡ್ತಿದ್ರಂತಲ್ಲ, ಲೆಕ್ಕ ಹಾಕಿ ಬಗ್ಗಿಸಿ ಕೊಡಿ. ವರ್ಷದ ಕೊನೇವರೆಗೂ ಕಾಯ್ತೀನಿ. ಆಗಲ್ಲ ಅಂದ್ರೆ ಬಾಯಿಬಿಟ್ಟು ಹೇಳಿಬಿಡಿ, ಬೇರೆಯವರನ್ನ ಕರೀತೀನಿ,” ಎಂದರು.

ಲೆಕ್ಕವೇನೋ ಹಾಕಿದೆ. ಕಂಬಿಯ ಮೈಯ ಒಂದೊಂದು ಚದರ ಸೆಂಟಿಮೀಟರಿಗೆ ಎಷ್ಟು ವ್ಯಾಟ್ ಹೊರಿಸಬಹುದು, ಎಂಟು ಮಿಲಿಮೀಟರ್ ದಪ್ಪ ಸಾಕೇ, ಎಷ್ಟು ಉದ್ದ, ಎಷ್ಟು ಬಾಗು. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಕಂಬಿ ಹಿಡಿದರೆ ಮಾತ್ರ ಕೈ ಮುಂದಕ್ಕೆ ಹೋಗುವುದಿಲ್ಲ. ನನ್ನ ಬಾಗು ಒಬ್ಬನ ಎರಡು ಬೆರಳು ತಿಂದಿದೆಯಲ್ಲ.

ಅಂದು ನಾವಿಬ್ಬರೂ ಇದನ್ನು ಬಾಯಿಬಿಟ್ಟು ಆಡಲಿಲ್ಲ, ಅದಕ್ಕೇ ಬರೆಯುತ್ತೇನೆ. ನಿಮ್ಮ ಕುಲುಮೆಗೆ ಕಂಬಿ ಬಗ್ಗಿಸಿ ಇಪ್ಪತ್ನಾಲ್ಕು ಎಲಿಮೆಂಟು ಮಾಡಿದೆವು. ಮೂರು ತಿಂಗಳಿಗೆ ಎಡ ಮೂಲೆಯ ಒಂದು ಬಾಗಿನಲ್ಲಿ ಮುರಿದು ತಟ್ಟೆಯ ಮೇಲೆ ಬಿತ್ತು. ಕುಲುಮೆಯ ಕೆಲಸದವನು, ನಾವು ‘ಮಾತುಗಾರ’ ಎಂದು ಕರೆಯುತ್ತಿದ್ದವನು, ತಟ್ಟೆ ಎಳೆದಾಗ ಆ ಕೆಂಪಗಿನ ತುಂಡು ಜಾರಿ ಅವನ ಬಲಗೈ ಮೇಲೆ ಬಂತು. ವಿಚಾರಣೆಯಲ್ಲಿ ಕಂಬಿಯ ಟರ್ಮಿನಲ್ ತುದಿಯ ಮೇಲಿನ ಗುರುತು ಓದಿದರು: 14. ನನ್ನ ನಂಬರು. ತುಂಡನ್ನು ಮೇಜಿನ ಆಚೆಯಿಂದ ತೋರಿಸಿ ಒಳಗಿಟ್ಟರು, ನನ್ನನ್ನು ಕೆಲಸದಿಂದ ಕಳಿಸಿದರು. ಬಾಗು ಯಾಕೆ ಮುರಿಯಿತು ಎಂದು ನಾನು ಇವತ್ತಿಗೂ ನೋಡಿಲ್ಲ.

ಆ ತುಂಡು ಇದ್ದರೆ ಕಳಿಸಿ. ಇಲ್ಲವಾದರೆ ಅದೇ ತಂಡದ ಯಾವುದಾದರೂ ಹಳೆಯ ಬಾಗು ಕಳಿಸಿ. ಏನು ತಪ್ಪು ಮಾಡಿದೆ ಎಂದು ತಿಳಿದರೆ ಅದನ್ನು ಬಿಟ್ಟು ಉಳಿದದ್ದನ್ನು ಮಾಡಬಹುದು. ತಿಳಿಯದಿದ್ದರೆ ನನಗೆ ನನ್ನ ಎರಡು ಕೈಯೂ ಅನುಮಾನವೇ.

ಅಕ್ಕನಿಗೆ ನಮಸ್ಕಾರ ಹೇಳಿ. ಮಗಳು ಹದಿಮೂರಕ್ಕೆ ಬಿದ್ದಳು, ಅತ್ತೆ ಹೇಗಿದ್ದಾರೆ ಎಂದು ಫೋಟೋ ನೋಡಿ ಕೇಳುತ್ತಾಳೆ.

ಇಂತಿ ನಿಮ್ಮ
ಬಾಮೈದ


ಜೂನ್ 29

ಚಿರಂಜೀವಿ ಬಾಮೈದನಿಗೆ ಆಶೀರ್ವಾದ.

ನೀರು ಕುಡಿದದ್ದು ನಿಜ. ಎರಡು ಲೋಟ.

ಏಳು ವರ್ಷ ಸುದ್ದಿಯಿಲ್ಲ, ಬರೆದರೆ ಭಾವನ ಆರೋಗ್ಯ ವಿಚಾರಿಸದೆ ತುಂಡು ಕಬ್ಬಿಣ ಕೇಳುತ್ತೀಯ. ಹೆಣ್ಣು ಕೊಟ್ಟ ಮನೆಯವರು ಎಂದರೆ ಹೀಗಿರಬೇಕು! ನಾನು ಚೆನ್ನಾಗಿದ್ದೇನೆ. ನಿನ್ನ ಅಕ್ಕನಿಗೆ ಮಂಡಿನೋವು, ಉಳಿದಂತೆ ನಾಲಿಗೆ ಮೊದಲಿನಷ್ಟೇ ಚುರುಕು.

ಆ ತುಂಡು ಇಲ್ಲ. ವಿಚಾರಣೆ ಮುಗಿದ ಮೇಲೆ ಗುಜರಿಗೆ ಹೋಯಿತು. ಉಳಿದವು ಕುಲುಮೆಯಲ್ಲೇ ನೇತಾಡುತ್ತಿವೆ, ಕುಲುಮೆ ಉರಿಯುತ್ತಲೇ ಇದೆ. ನಿನಗೆ ನಾನು ಪಾಠ ಹೇಳಬೇಕೇ? ಆ ಕಂಬಿಯ ಗುಣವೇ ಅದು. ಒಂದು ಸಲ ಕಾದಿತೋ, ಅಲ್ಯೂಮಿನಿಯಂ ಹೊರಗೆ ಬಂದು ಬೂದುಬಣ್ಣದ ಚರ್ಮ ಕಟ್ಟಿಕೊಂಡು ವರ್ಷಗಟ್ಟಲೆ ಬದುಕುತ್ತದೆ. ಬಿಸಿಯಲ್ಲಿದ್ದರೆ ಮೆತ್ತಗೆ. ಆರಿದರೆ ಒಣಗಿದ ಕಡ್ಡಿ, ಮುಟ್ಟಿದರೆ ಲಟಕ್ಕೆನ್ನುತ್ತದೆ. ಹಾಗಾಗಿ ಆರಿಸುವಂತಿಲ್ಲ. ರಜಾ ದಿನಗಳಲ್ಲೂ ಆರುನೂರು ಡಿಗ್ರಿಯಲ್ಲಿ ಇಟ್ಟಿರುತ್ತೇನೆ.

ನನ್ನ ಕೋಣೆ ನಿನಗೆ ನೆನಪಿರಬೇಕು. ಮೂರು ಕಡೆ ಗಾಜು, ಒಂದು ಕಡೆ ಗೋಡೆ. ಕುರ್ಚಿಯ ಬೆನ್ನಿಗೆ ಗೋಡೆ ತಾಗುತ್ತದೆ, ಮೊಣಕಾಲಿಗೆ ಮೇಜು ತಾಗುತ್ತದೆ. ಎದುರಿಗೆ ಮೀಟರು, 860 ತೋರಿಸುತ್ತದೆ. ಬೇರಿಂಗಿನ ಉಕ್ಕಿನ ಉಂಗುರಗಳ ತಟ್ಟೆ ಒಳಗೆ ಹೋಗುತ್ತದೆ, ತಟ್ಟೆ ಹೊರಗೆ ಬರುತ್ತದೆ. ಗಂಟೆಗೊಮ್ಮೆ ಎದ್ದು ಇಣುಕು ತೂತಿನಲ್ಲಿ ನೋಡಿ ಬಂದು ಕೂರುತ್ತೇನೆ. ಏಳು ವರ್ಷದಲ್ಲಿ ಒಂದು ವಾರವೂ ರಜೆ ಹಾಕಿಲ್ಲ. ಕಾರ್ಖಾನೆಯವರು ನನ್ನ ನಿಷ್ಠೆಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಹೊತ್ತು ಎಷ್ಟು ನಿಧಾನ ಹೋಗುತ್ತದೆ ಎಂದು ನೋಡಿಕೊಳ್ಳಲು ಇರಬೇಕು.

ಹಳೆಯದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಯಜಮಾನಿಗೆ ಹೇಳಿ ಸಿದ್ಧ ಎಲಿಮೆಂಟು ತರಿಸು. ತೆಳು ತಂತಿಯ ಕೆಲಸವೂ ಕೆಲಸವೇ. ಮಗಳಿಗೆ ಆಶೀರ್ವಾದ.

ಇಂತಿ
ಭಾವ


ಜುಲೈ 20

ಭಾವನಿಗೆ ನಮಸ್ಕಾರಗಳು.

ನಿಮ್ಮ ಪತ್ರ ಓದಿ ನಗು ಬಂತು, ಆಮೇಲೆ ನಗು ಹೋಯಿತು.

ಏಳು ವರ್ಷ ಆರಿಸಿಲ್ಲವೇ? ನೀವೇ ತಾನೆ ನನಗೆ ಕಲಿಸಿದ್ದು, ವರ್ಷಕ್ಕೊಮ್ಮೆ ಆರಿಸಿ, ಒಳಗಿಳಿದು, ಇಟ್ಟಿಗೆ ತಟ್ಟಿ ನೋಡಿ, ಪಿಂಗಾಣಿ ಕೊಕ್ಕೆಗಳನ್ನು ಎಣಿಸಬೇಕು ಎಂದು? “ಎಲಿಮೆಂಟ್ ಮುರಿದ್ರೆ ಹೊಸದು ಹಾಕೋಣ, ನೋಡದೆ ಬಿಟ್ರೆ ಕುಲುಮೆನೇ ಹೋಗುತ್ತೆ,” ಎನ್ನುತ್ತಿದ್ದಿರಿ. ಮುರಿದ ತುಂಡನ್ನು ಎಳೆದಾಗಲೂ ಆರಿಸದೆ ಉದ್ದ ಕೊಕ್ಕೆ ಹಾಕಿಯೇ ಎಳೆದಿರಿ, ಆ ಜಾಗ ಖಾಲಿ ಬಿಟ್ಟು ಇಪ್ಪತ್ತಮೂರರಲ್ಲೇ ಮತ್ತೆ ಉರಿಸಿದಿರಿ. ಆಗ ಉತ್ಪಾದನೆಯ ಅವಸರ ಇತ್ತು ಅಂದುಕೊಂಡೆ. ಏಳು ವರ್ಷವೂ ಅವಸರವೇ?

ಹೋಗಲಿ, ದೊಡ್ಡವರ ಕುಲುಮೆಯಲ್ಲಿ ಮೂಗು ತೂರಿಸುವುದು ತಪ್ಪು. ನನ್ನ ವಿಷಯ ಹೇಳುತ್ತೇನೆ. ಮೊನ್ನೆ ಎಲ್ಲರೂ ಊಟಕ್ಕೆ ಹೋದಾಗ ಒಂದು ಕಂಬಿ ತೆಗೆದೆ. ಗ್ಯಾಸ್ ಟಾರ್ಚಿನಿಂದ ಮೆಲ್ಲಗೆ ಬಿಸಿ ಮಾಡಿದೆ. ನೀವು ಕಲಿಸಿದ ಹಾಗೆ ಮೇಣದಬತ್ತಿಯ ತುಂಡಿನಿಂದ ಗೆರೆ ಎಳೆದೆ. ಮೊದಲ ಗೆರೆ ಬರೀ ಕರಗಿತು. ಇನ್ನಷ್ಟು ಬಿಸಿ. ಎರಡನೆಯ ಗೆರೆ ಕರಗಿ ಸಣ್ಣಗೆ ಹೊಗೆಯಾಡಿತು. ಇನ್ನು ಬಗ್ಗಿಸಬಹುದು. ತಣ್ಣಗಿರುವಾಗ ಬಗ್ಗಿಸಿದರೆ ಬಾಗಿನ ಹೊರಮೈಯಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ, ಬಿಸಿಯಾಗಿದ್ದರೆ ಬೀಳುವುದಿಲ್ಲ. ಎಲ್ಲ ಗೊತ್ತಿದೆ. ಕಂಬಿಯನ್ನು ಗೂಟಕ್ಕೆ ಒತ್ತಿದೆ, ಬಗ್ಗಿಸದೆ ಕೆಳಗಿಟ್ಟೆ. ಕಂಬಿ ಮೇಜಿನ ಮೇಲೆಯೇ ಆರಿತು. ಯಜಮಾನಿ ಬಂದು ನೋಡಿ ತಮ್ಮ ಕೆಲಸಕ್ಕೆ ಹೋದರು. ಏನಾಯಿತು ಎಂದು ಕೇಳಿದ್ದರೇ ಚೆನ್ನಾಗಿತ್ತು.

ಲೆಕ್ಕವನ್ನು ಎಷ್ಟು ಸಲ ಹಾಕಿದರೂ ಉತ್ತರ ಒಂದೇ. ಇಪ್ಪತ್ತು ನಾನು ಬಗ್ಗಿಸಿದ್ದು. ಮಗಳನ್ನು ಶಾಲೆಗೆ ಸೇರಿಸಲು ಹೋಗಿದ್ದ ಬೆಳಿಗ್ಗೆ ಉಳಿದ ನಾಲ್ಕು ನೀವು ಬಗ್ಗಿಸಿದ್ದಿರಿ. ನಿಮ್ಮವು ಮುರಿಯುವ ಮಾತೇ ಇಲ್ಲ, ನನಗೆ ಮೇಣದ ಗೆರೆ ಕಲಿಸಿದವರೇ ನೀವು. ವಿಚಾರಣೆಯಲ್ಲಿ ಆ ನಾಲ್ಕರ ಸುದ್ದಿ ಎತ್ತದಿದ್ದದ್ದೂ ಅದಕ್ಕೇ. ಹಾಗಾದರೆ ನನ್ನ ಇಪ್ಪತ್ತರಲ್ಲಿ ಒಂದು. ಯಾವುದು? ಆ ಹೊತ್ತು ನನ್ನ ಗಮನ ಎಲ್ಲಿತ್ತು? ಬಸ್ಸಿನಲ್ಲಿ ಕೂತರೂ ಇದೇ ಯೋಚನೆ, ಮಗಳ ಜೊತೆ ಆಡುವಾಗಲೂ ಇದೇ.

ಕುಲುಮೆ ಆರಿಸುವ ದಿನ ಹೇಳಿ. ನಾನೇ ಬಂದು ಒಂದು ಬಾಗು ಕತ್ತರಿಸಿಕೊಂಡು ಹೋಗುತ್ತೇನೆ, ಗೇಟಿನ ಹೊರಗೆ ನಿಂತರೂ ಸೈ.

ನಿಮ್ಮ
ಬಾಮೈದ


ಸೆಪ್ಟೆಂಬರ್ 2

ಬಾಮೈದನಿಗೆ,

ಬರಬೇಡ. ಇಲ್ಲಿ ಪುರುಸೊತ್ತಿಲ್ಲ. ಈ ವರ್ಷ ನನಗೆ ನಿವೃತ್ತಿ ಆಗಬೇಕಿತ್ತು, ಕಾರ್ಖಾನೆಯವರು ಬಿಡುತ್ತಿಲ್ಲ. “ನೀವಿಲ್ದಿದ್ರೆ ಆ ಫರ್ನೇಸು ಯಾರ ಮಾತೂ ಕೇಳಲ್ಲ,” ಎಂದು ಕಾಲು ಹಿಡಿದುಕೊಂಡಿದ್ದಾರೆ. ಇನ್ನೆರಡು ವರ್ಷ ಇರಬೇಕಾಯಿತು.

ಆರಿಸುವ ದಿನ ಎಂದು ಯಾವುದೂ ಇಲ್ಲ. ಹಳೆಯದನ್ನು ಕೆದಕಬೇಡ ಎಂದು ಒಮ್ಮೆ ಹೇಳಿದ್ದೇನೆ.

ಭಾವ


ಸೆಪ್ಟೆಂಬರ್ 21

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಪತ್ರಗಳು ನನಗೆ ಸಿಕ್ಕಿದ್ದು ನಿನ್ನೆ. ಇವರ ಕೋಟಿನ ಒಳಜೇಬಿನಲ್ಲಿದ್ದವು, ಒಗೆಯಲು ತೆಗೆದಾಗ ಕೈಗೆ ಬಂದವು. ನೀನು ನಮಸ್ಕಾರ ಹೇಳಿದ್ದು ನನಗೆ ತಲುಪಿರಲೇ ಇಲ್ಲ. ಮಗು ನನ್ನ ಫೋಟೋ ನೋಡಿ ಕೇಳುತ್ತಾಳೆ ಎಂದು ಓದಿ ಬಚ್ಚಲಲ್ಲಿ ಕೂತು ಅತ್ತೆ.

ಈಗ ಕೇಳು. ಇವರಿಗೆ ಎರಡು ವರ್ಷ ಹೆಚ್ಚು ಕೊಟ್ಟಿದ್ದಕ್ಕೆ ಕಾರ್ಖಾನೆಯಲ್ಲಿ ಸಣ್ಣ ಸಮಾರಂಭ ಮಾಡಿದರು. ನಾನೂ ಹೋಗಿದ್ದೆ. ಮ್ಯಾನೇಜರು ನನ್ನ ಹತ್ತಿರ ಬಂದು, “ನೀವಾದ್ರೂ ಸ್ವಲ್ಪ ಹೇಳಬಾರದೇನಮ್ಮ? ಮನೇಲಿ ಆರಾಮಾಗಿರಿ ಅಂದ್ರೂ ಕೇಳಲಿಲ್ಲ. ಮೂರು ಸಲ ಅರ್ಜಿ ಕೊಟ್ರು, ಕೊನೆಗೆ ಕಣ್ಣೀರು ಹಾಕಿದ್ರು, ಅದಕ್ಕೇ ಕೊಟ್ವಿ,” ಎಂದರು. ಇವರು ನನ್ನ ಹತ್ತಿರ ಕಂಪನಿಯವರೇ ಬಿಡುತ್ತಿಲ್ಲ ಅಂದಿದ್ದರಲ್ಲ!

ನಿನ್ನ ಮನೆಗೆ ಹೋಗಿ ಬರೋಣ ಎಂದು ವರ್ಷ ವರ್ಷವೂ ಕೇಳಿದ್ದೇನೆ. ಪ್ರತಿ ಸಲವೂ ಕುಲುಮೆ ಅಡ್ಡ ಬಂದಿದೆ. ಬೇರೆ ಹೆಂಗಸಿನ ಸಹವಾಸ ಆಗಿದ್ದರೆ ಹೋಗಿ ಜುಟ್ಟು ಹಿಡಿದು ಕೇಳಬಹುದಿತ್ತು. ಕುಲುಮೆಯ ಜೊತೆ ಹೇಗೆ ಜಗಳವಾಡಲಿ? ರಜಾ ದಿನವೂ ಹೋಗಿ ಅದನ್ನು ನೋಡಿ ಬರುತ್ತಾರೆ. ಬಾಗಿಲ ಪಕ್ಕ ಹಲಗೆ ಬರೆದು ಹಾಕಿದ್ದಾರೆ, “600ಕ್ಕಿಂತ ಕೆಳಗೆ ಇಳಿಸಕೂಡದು.” ಅಕ್ಷರ ಇವರದೇ, ನನಗೆ ಗೊತ್ತಿಲ್ಲವೇ? ನಾನೂ ಅದರ ಜೊತೆಗೆ ಕಟ್ಟಿಹಾಕಿಸಿಕೊಂಡಿದ್ದೇನೆ ತಮ್ಮ. ಬೀಗ ಕಾಣುತ್ತಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ವಿಷಯ. ನಿನ್ನ ಪತ್ರದಲ್ಲಿ ಮೇಣದಬತ್ತಿಯ ಮಾತು ಓದಿದಾಗ ನೆನಪಾಯಿತು. ನೀನು ಊರು ಬಿಟ್ಟು ಹೋದ ಮೇಲೆ ನಮ್ಮ ಮನೆಯಲ್ಲಿ ಮೇಣದಬತ್ತಿ ಹಚ್ಚಿಲ್ಲ. ಸಂಜೆ ಕರೆಂಟು ಹೋದಾಗ ನಾನು ಹಚ್ಚಿದರೆ ಇವರು ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಹೊಗೆ ಆಗುವುದಿಲ್ಲ ಎನ್ನುತ್ತಿದ್ದರು. ಇದ್ದ ಡಬ್ಬಿಯನ್ನೂ ಯಾರಿಗೋ ಕೊಟ್ಟುಬಿಟ್ಟರು. ಆಮೇಲೆ ಬ್ಯಾಟರಿ ದೀಪ ತಂದುಕೊಂಡೆವು.

ನೀನು ಆ ಕೆಲಸ ಬಲ್ಲವನು. ಆ ಕುಲುಮೆಯೊಳಗೆ ಏನಿದೆ, ಇವರು ಬಿಟ್ಟು ಬರಲಾಗದಂಥದ್ದು? ನನ್ನ ಹತ್ತಿರ ಮುಚ್ಚಿಡಬೇಡ.

ನಿನ್ನ
ಅಕ್ಕ


ಅಕ್ಟೋಬರ್ 1

ಭಾವ,

ಒಂದೇ ಪ್ರಶ್ನೆ. ನಾನು ಮಗಳನ್ನು ಶಾಲೆಗೆ ಸೇರಿಸಲು ಹೋಗಿದ್ದ ಬೆಳಿಗ್ಗೆ, ಆ ನಾಲ್ಕು ಕಂಬಿಗಳ ಮೇಲೆ ಮೇಣದ ಗೆರೆ ಹೊಗೆಯಾಡಿತ್ತೇ?

ಬಾಮೈದ


ನವೆಂಬರ್ 18

ಬಾಮೈದನಿಗೆ,

ನಿನ್ನ ಕಾರ್ಡು ಬಂದು ಆರು ವಾರವಾಯಿತು. ಎಂಟು ಸಲ ಬರೆದು ಹರಿದಿದ್ದೇನೆ. ಎಂಟರಲ್ಲೂ ಗ್ಯಾಸಿನಿಂದ ಶುರು ಮಾಡಿದ್ದೆ, ಅಂದು ಗ್ಯಾಸ್ ಮುಗಿದಿತ್ತು, ಹೊಸ ಸಿಲಿಂಡರು ಮಧ್ಯಾಹ್ನಕ್ಕೆ ಬರುವುದಿತ್ತು, ಮ್ಯಾನೇಜರು ಅದಕ್ಕೂ ಮುಂಚೆ ಕೆಲಸ ನೋಡಲು ಬರುವವರಿದ್ದರು ಎಂದು. ಈ ಸಲ ಮೊದಲು ಉತ್ತರ ಬರೆಯುತ್ತೇನೆ.

ಹೊಗೆಯಾಡಲಿಲ್ಲ. ಗೆರೆ ಎಳೆಯಲೇ ಇಲ್ಲ. ಜಡಿಮಳೆಯ ಬೆಳಿಗ್ಗೆ, ಕಂಬಿ ಮುಟ್ಟಿದರೆ ಬೆರಳು ಕೊರೆಯುತ್ತಿತ್ತು. ಹದಿನೈದು ವರ್ಷ ಬಗ್ಗಿಸಿದ ಕೈ ನನ್ನದು, ಮೇಣ ಎಲ್ಲ ಕಲಿಯುವವರಿಗೆ ಎಂದುಕೊಂಡೆ. ನಾಲ್ಕನ್ನೂ ತಣ್ಣಗಿರುವಾಗಲೇ ಬಗ್ಗಿಸಿದೆ. ಆಮೇಲೆ ನಿನಗೆ ಕಲಿಸಿದ ಹಾಗೆಯೇ ಬಾಗಿನ ಹೊರಮೈ ಮೇಲೆ ಉಗುರು ಎಳೆದು ನೋಡಿದೆ. ಉಗುರು ತಡೆಯಿತು. ನಾಲ್ಕರಲ್ಲೂ ತಡೆಯಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಅದನ್ನು ತಪ್ಪು ಎನ್ನಬಹುದಿತ್ತು. ಉಪ್ಪುಕಾಗದ ತೆಗೆದುಕೊಂಡು, ಉಗುರು ತಡೆಯದ ಹಾಗೆ, ನಾಲ್ಕನ್ನೂ ಉಜ್ಜಿದೆ.

ನೀನು ಬಂದಾಗ ಹೇಳಬೇಕೆಂದೇ ಇದ್ದೆ. ನೀನು ನಗುತ್ತಾ ಬಂದೆ. “ಭಾವ, ಅವಳು ಅಳಲೇ ಇಲ್ಲ, ನಾನೇ ಅತ್ತೆ,” ಎಂದೆ. ನಂಬರು ಪಂಚು ತೆಗೆದುಕೊಂಡು ಇಪ್ಪತ್ನಾಲ್ಕಕ್ಕೂ 14 ಹೊಡೆಯುತ್ತಾ ಹೋದೆ. ನನ್ನ ನಾಲ್ಕರ ಹತ್ತಿರ ಬಂದಾಗ, ಅವಕ್ಕೆ ನನ್ನ ನಂಬರು, ಮೂರು, ಹಾಕು ಎಂದು ಬಾಯಿಗೆ ಬಂತು. ನಿಂತು ನೋಡಿದೆ. ಸುತ್ತಿಗೆ ನಾಲ್ಕು ಸಲ ಬಿತ್ತು.

ವಿಚಾರಣೆಯ ದಿನ ನಿನ್ನ ಅಕ್ಕನಿಗೆ ಮಾತು ಕೊಟ್ಟು ಹೋಗಿದ್ದೆ, ತಮ್ಮನ ಕೈ ಬಿಡುವುದಿಲ್ಲ ಎಂದು. ಒಳಗೆ ಹೋಗಿ ಕೂತೆ, ಒಂದು ಲೋಟ ನೀರು ಕುಡಿದೆ, ಎದ್ದು ಬಂದೆ. ತುಂಡು ಗುಜರಿಗೆ ಹೋಯಿತು ಎಂದು ಬರೆದದ್ದು ಸುಳ್ಳು. ಅಂದೇ ಎತ್ತಿಟ್ಟುಕೊಂಡೆ. ನನ್ನ ಮೇಜಿನ ಕೆಳಗಿನ ಖಾನೆಯಲ್ಲಿದೆ.

ಉಳಿದ ಮೂರು ಅದೇ ಎಡ ಮೂಲೆಯಲ್ಲಿವೆ. ಬಿಸಿಯಲ್ಲಿ ಮೆತ್ತಗಿರುವ ತನಕ ತಡೆಯುತ್ತವೆ. ಆರಿದರೆ ಕುಗ್ಗುತ್ತವೆ, ಬಿರುಕಿನಲ್ಲಿ ಮುರಿಯುತ್ತವೆ. ಮೂರೂ ಒಂದೇ ಮೂಲೆಯಲ್ಲಿ, ಒಂದೇ ಥರ ಮುರಿದರೆ ಯಾರಾದರೂ ಕೇಳುತ್ತಾರೆ. ಅದಕ್ಕೆ ಆರಿಸಲಿಲ್ಲ. ಆ ಮೂಲೆಗೆ ವಿದ್ಯುತ್ತು ಕಡಿಮೆ ಮಾಡಿದೆ, ಅಲ್ಲಿ ಹಗುರ ತಟ್ಟೆ ಇಡಿಸಿದೆ. ನಾನು ರಜೆ ಹಾಕಿದರೆ ಬದಲಿಗೆ ಬಂದವನು ಆರಿಸಿಬಿಟ್ಟರೆ? ಅದಕ್ಕೆ ರಜೆ ಹಾಕಲಿಲ್ಲ. ನಿವೃತ್ತನಾದರೆ ಮಾರನೆಯ ದಿನವೇ ಆರಿಸುತ್ತಾರೆ. ಅದಕ್ಕೆ ಮ್ಯಾನೇಜರ ಮುಂದೆ ಅತ್ತೆ. ಜೈಲಿನವನಿಗಾದರೂ ಬಿಡುಗಡೆಯ ತಾರೀಖು ಗೊತ್ತಿರುತ್ತದೆ.

ನಿನ್ನ ಬಾಗುಗಳಲ್ಲಿ ಏನೂ ತಪ್ಪಿರಲಿಲ್ಲ. ಇದೊಂದು ವಾಕ್ಯ ಬರೆಯಲು ನನಗೆ ಏಳು ವರ್ಷ ಬೇಕಾಯಿತು. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ.

ನಿನ್ನ ಅಕ್ಕನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಅವಳು ಮೇಲಿನಿಂದ ಪೆಟ್ಟಿಗೆ ಇಳಿಸಿದಳು. ನಾಳೆಯ ಬಸ್ಸಿಗೆ ನಿನ್ನ ಮನೆಗೆ ಹೊರಟಿದ್ದಾಳೆ. ಈ ಪತ್ರ ಅವಳಿಗಿಂತ ತಡವಾಗಿ ತಲುಪಬಹುದು.

ಭಾವ


ಡಿಸೆಂಬರ್ 10

ಬಾಮೈದನಿಗೆ,

ಕುಲುಮೆ ಆರಿಸಿದೆ.

ಮ್ಯಾನೇಜರ ಮುಂದೆ ಎಲ್ಲ ಬರೆದುಕೊಟ್ಟೆ. ಓದಿ ಬಹಳ ಹೊತ್ತು ಕನ್ನಡಕ ಒರೆಸಿದರು. “ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲವಲ್ಲ,” ಎಂದರು. ನನಗೆ ಗೊತ್ತಿತ್ತಲ್ಲ ಸಾರ್ ಎಂದೆ. ನಿನ್ನ ದಾಖಲೆಯಲ್ಲಿ ಬರೆದಿದ್ದನ್ನು ಹೊಡೆದುಹಾಕಿ ನಿನಗೆ ಪತ್ರ ಕಳಿಸುತ್ತಾರಂತೆ. ನನ್ನದು ಈ ತಿಂಗಳಿಗೆ ಮುಗಿಯಿತು. ಆರಿಸುವ ಕೆಲಸ ನಾನೇ ಮಾಡುತ್ತೇನೆ ಎಂದು ಕೇಳಿಕೊಂಡೆ, ಒಪ್ಪಿದರು.

ನಾಲ್ಕು ದಿನ ಹಿಡಿಯಿತು. ಆರುನೂರು ದಾಟುವಾಗ ನನ್ನದೇ ಹಲಗೆಯನ್ನು ಕಿತ್ತು ಗೋಡೆಗೆ ಒರಗಿಸಿದೆ. ಕುರ್ಚಿ ತಂದು ಬಾಗಿಲ ಹತ್ತಿರ ಹಾಕಿಕೊಂಡು ಕೂತೆ. ನಾನೂರ ಹತ್ತರಲ್ಲಿ ಒಂದು ಸದ್ದು ಬಂತು, ಲಟಕ್ ಎಂದು. ದೊಡ್ಡ ಸದ್ದೇನಲ್ಲ, ಪಕ್ಕದಲ್ಲಿದ್ದವನಿಗೆ ಕೇಳಿಸಲೇ ಇಲ್ಲ. ನನಗೆ ಮೈಯೆಲ್ಲ ಕೇಳಿಸಿತು. ಇನ್ನೂರ ಮೂವತ್ತರಲ್ಲಿ ಇನ್ನೊಂದು. ಮೂರನೆಯದಕ್ಕೆ ಕಾದೆ, ಬರಲಿಲ್ಲ. ಒಳಗಿಳಿದು ನೋಡಿದರೆ ಅದು ಕೊಕ್ಕೆಯಲ್ಲೇ ನೇತಾಡುತ್ತಿತ್ತು. ಬೆರಳು ಸೋಕಿಸಿದೆ, ಕೈಗೇ ಬಂತು.

ನಿನ್ನ ಇಪ್ಪತ್ತೂ ಇದ್ದ ಹಾಗೇ ಇದ್ದವು. ಒಂದೊಂದರ ಬಾಗಿನ ಮೇಲೂ ಉಗುರು ಎಳೆದೆ. ಎಲ್ಲಿಯೂ ತಡೆಯಲಿಲ್ಲ. ಬೂದುಬಣ್ಣದ ಇಟ್ಟಿಗೆಗಳ ನಡುವೆ ಕೂತು ಅತ್ತೆ. ಏಳು ವರ್ಷ ತೂತಿನಲ್ಲಿ ಇಣುಕಿದ ಜಾಗ, ಒಳಗೆ ಹೋದರೆ ನಮ್ಮ ಅಡುಗೆಮನೆಯಷ್ಟೂ ಇಲ್ಲ.

ಮಾತುಗಾರನ ಮನೆಗೂ ಹೋಗಿದ್ದೆ. ನಿನಗೆ ಗೊತ್ತಲ್ಲ, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎಂದೇ ಆ ಹೆಸರಿಟ್ಟಿದ್ದೆವು. ನಾನು ಹೇಳಿದ್ದನ್ನೆಲ್ಲ ಕೇಳಿದ. ಮೂರು ಬೆರಳಿನ ಕೈಯಲ್ಲಿ ಲೋಟ ಹಿಡಿದು ಚಹಾ ಮುಗಿಸಿದ. “ಏಳು ವರ್ಷ ಅವನಿಗೆ ಬೈದಿದೀನಿ. ಅದನ್ನೆಲ್ಲ ಈಗ ಮೊದಲಿಂದ ನಿಂಗೆ ಬೈಬೇಕಾ? ನನ್ನ ಕೈಲಾಗಲ್ಲ. ಎದ್ದು ಹೋಗು,” ಎಂದ. ಎದ್ದು ಬಂದೆ. ಬಾಗಿಲು ಹಾಕಿಕೊಂಡ.

ಪಾರ್ಸೆಲ್ ಕಳಿಸಿದ್ದೇನೆ. ಹತ್ತಿಯಲ್ಲಿ ಸುತ್ತಿದೆ, ಮೆಲ್ಲಗೆ ಬಿಚ್ಚು. ನಾಲ್ಕು ಬಾಗು ನನ್ನವು, ಒಂದು ನಿನ್ನದು. ನನ್ನ ನಾಲ್ಕರ ಟರ್ಮಿನಲ್ ತುದಿಗಳೂ ಇವೆ. ಅವು ಗೋಡೆಯಿಂದ ಹೊರಗಿದ್ದು ಬಿಸಿ ಕಾಣದ್ದರಿಂದ ಇನ್ನೂ ಪಂಚು ಹಿಡಿಯುತ್ತವೆ. ನಿನ್ನ 14ರ ಮೇಲೆ ಗೀಟು ಹಾಕಿ ಪಕ್ಕದಲ್ಲಿ ನನ್ನ ಮೂರು ಹೊಡೆದಿದ್ದೇನೆ.

ಈಗ ಮನೆಯಲ್ಲಿದ್ದೇನೆ. ಗಂಟೆಗೊಮ್ಮೆ ಎದ್ದು ನಿಲ್ಲುತ್ತೇನೆ, ಇಣುಕಲು ಏನೂ ಇಲ್ಲ. ನಿನ್ನ ಅಕ್ಕ ಬರುತ್ತಾಳೋ ಇಲ್ಲವೋ ಎಂದು ಕೇಳುತ್ತಿಲ್ಲ. ಅವಳ ಮಂಡಿಯ ಎಣ್ಣೆ ಇಲ್ಲೇ ಬಿಟ್ಟು ಹೋಗಿದ್ದಾಳೆ, ಅದನ್ನೂ ಪಾರ್ಸೆಲ್ಲಿನಲ್ಲಿ ಇಟ್ಟಿದ್ದೇನೆ.

ಭಾವ


ಜನವರಿ 9

ಭಾವನಿಗೆ,

ಪಾರ್ಸೆಲ್ ಬಂದು ಮೂರು ವಾರವಾಯಿತು. ಎಣ್ಣೆ ಅದೇ ದಿನ ಅಕ್ಕನಿಗೆ ಕೊಟ್ಟೆ. ತುಂಡುಗಳನ್ನು ಬಿಚ್ಚಲು ಹತ್ತು ದಿನ ಬೇಕಾಯಿತು.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ಪರವಾಗಿಲ್ಲ ಭಾವ, ಆದದ್ದಾಯಿತು ಎಂದು ಬರೆಯುತ್ತೇನೆ ಅಂದುಕೊಂಡಿದ್ದರೆ ಇಲ್ಲ, ಅದು ನನ್ನಿಂದಾಗುವುದಿಲ್ಲ. ನನ್ನನ್ನು ಕೆಲಸದಿಂದ ಕಳಿಸಿದ್ದನ್ನು ನುಂಗಿಕೊಂಡೇನು. ನನ್ನ ಕೈಯನ್ನೇ ನಾನು ನಂಬದ ಹಾಗೆ ಮಾಡಿ, ಅದನ್ನು ನೋಡುತ್ತಾ ಕೂತಿರಲ್ಲ, ಅದನ್ನು ನುಂಗಲಾರೆ. ಜೂನ್‌ನಲ್ಲಿ ಕೇಳಿದಾಗಲೂ ತೆಳು ತಂತಿ ಸುತ್ತಿಕೊಂಡಿರು ಎಂದಿರಿ. ಆ ಪತ್ರವನ್ನು ಎರಡು ಸಲ ಒಲೆಗೆ ಹಾಕಲು ಹೋಗಿದ್ದೆ, ಅಕ್ಕ ಕಿತ್ತಿಟ್ಟುಕೊಂಡಳು.

ನನ್ನದೂ ಒಂದು ಇದೆ, ಯಾರಿಗೂ ಹೇಳಿಲ್ಲ. ನಿಮ್ಮ ನಾಲ್ಕಕ್ಕೆ ನಾನು 14 ಹೊಡೆದದ್ದು ಮರೆತಲ್ಲ, ಪ್ರೀತಿಗೂ ಅಲ್ಲ. ಇಪ್ಪತ್ನಾಲ್ಕೂ ನನ್ನದೇ ಎಂದು ಕಾರ್ಖಾನೆಯ ದಾಖಲೆ ಪುಸ್ತಕದಲ್ಲಿ ಬರಲಿ ಎಂಬ ಆಸೆಗೆ ಹೊಡೆದೆ. ನೀವು ಬೇಡ ಎನ್ನುತ್ತೀರೇನೋ ಎಂದು ಕಡೆಗಣ್ಣಿನಲ್ಲಿ ನೋಡಿದೆ ಕೂಡ. ನೀವು ಸುಮ್ಮನಿದ್ದಿರಿ. ನನಗೆ ಖುಷಿಯಾಯಿತು. ಕದ್ದದ್ದು ಏನನ್ನು ಎಂದು ಗೊತ್ತಿರಲಿಲ್ಲ, ಅಷ್ಟೆ.

ಐದೂ ಬಾಗುಗಳನ್ನು ಮೇಜಿನ ಮೇಲೆ ಇಟ್ಟು ಮಗಳ ಕಣ್ಣಿಗೆ ಬಟ್ಟೆ ಕಟ್ಟಿದೆ. ಉಗುರು ಎಳೆದು ನೋಡು, ಯಾವುದು ಬೇರೆ ಹೇಳು ಎಂದೆ. ಮೊದಲ ಸುತ್ತಿನಲ್ಲೇ ನನ್ನದನ್ನು ಎತ್ತಿ ಕೊಟ್ಟಳು. “ಇದೊಂದೇ ನುಣ್ಣಗಿದೆ ಅಪ್ಪ,” ಎಂದಳು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆ ಸಂಜೆಯೇ ಕರೆಂಟು ಹೋಯಿತು. ಅವಳೇ ಮೇಣದಬತ್ತಿ ಹುಡುಕಿ ಊಟದ ಮೇಜಿನ ಮೇಲೆ ಹಚ್ಚಿದಳು. ಕರೆಂಟು ಬಂದ ಮೇಲೂ ಆರಿಸಲು ಬಿಡಲಿಲ್ಲ.

ವರ್ಷದ ಕೊನೆಯ ಗಡುವು ದಾಟಿತ್ತು. ಆದರೂ ಯಜಮಾನಿಯ ಹತ್ತಿರ ಹೋಗಿ ನಿಂತೆ. “ಬೇರೆಯವರಿಗೆ ಹೇಳಿ ಕಳಿಸಿದೀನಿ, ಅವರು ಸೋಮವಾರ ಬರ್ತಾರೆ. ಅಷ್ಟರಲ್ಲಿ ಒಂದು ಮಾಡಿ ತೋರಿಸಿ, ನೋಡೋಣ,” ಎಂದರು. ಶನಿವಾರ ಕಂಬಿ ಹಿಡಿದೆ. ಬಿಸಿ ಮಾಡಿದೆ, ಗೆರೆ ಎಳೆದೆ, ಹೊಗೆಯಾಡಿತು, ಬಗ್ಗಿಸಿದೆ. ಉಗುರು ಎಳೆದೆ, ತಡೆಯಲಿಲ್ಲ. ಹನ್ನೊಂದು ಬಾಗು. ಕೊನೆಯದರ ಹೊತ್ತಿಗೆ ಅಂಗಿ ಹಿಂಡುವಷ್ಟು ಬೆವರಿದ್ದೆ. ಬರಬೇಕಿದ್ದವರಿಗೆ ಯಜಮಾನಿ ಬೇಡ ಎಂದು ಹೇಳಿ ಕಳಿಸಿದರು. ಈಗ ಹದಿನೆಂಟು ಎಲಿಮೆಂಟು ಮಾಡಿಕೊಡಬೇಕು.

ಅಕ್ಕ ಸದ್ಯಕ್ಕೆ ಇಲ್ಲೇ ಇರುತ್ತಾಳೆ. ಯಾವಾಗ ಬರುತ್ತಾಳೆ ಎಂದು ಅವಳೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ನಿಮಗೆ ಬರಬೇಡಿ ಎಂದು ಬರೆಯಲು ಕೂತಿದ್ದೆ. ಎರಡು ಸಲ ಬರೆದೂ ಬರೆದೆ. ಆದರೆ ಇಲ್ಲಿ ಕಂಬಿಗಳು ನಾಲ್ಕು ಮೀಟರ್ ಉದ್ದ. ನಾನು ಬಗ್ಗಿಸುವಾಗ ಆಚೆಯ ತುದಿಯನ್ನು ಅಲುಗದ ಹಾಗೆ ಹಿಡಿಯಲು ಕೆಲಸ ಗೊತ್ತಿರುವ ಒಬ್ಬರು ಬೇಕು, ಯಾರೂ ಸಿಗುತ್ತಿಲ್ಲ.

ಬರುವುದಾದರೆ ಬನ್ನಿ. ಮಾತು ಕಡಿಮೆ ಇರುತ್ತದೆ, ಕೆಲಸ ಇರುತ್ತದೆ. ಆಚೆಯ ತುದಿ ನೀವು ಹಿಡಿಯಬಹುದು. ಮೇಣದಬತ್ತಿ ಮಾತ್ರ ನನ್ನ ಕೈಯಲ್ಲೇ ಇರುತ್ತದೆ.

ಬಾಮೈದ